ತುಳಜಮ್ಮನ ಮುಖ ತೊಳೆದ ಸಾಫ್ಟ್‌ವೇರ್

ಎರಡು ವರ್ಷದ ಹಿಂದಿನ ಮಾತು. ಹುಮನಾಬಾದ್‌ನಲ್ಲಿ ನನ್ನ ಅಂಗಡಿ. ಸುತ್ತಲಿನ ತಾಲ್ಲೂಕುಗಳ ಫೋಟೊ ಸ್ಟುಡಿಯೊಗಳಿಗೆ ಎಡಿಟಿಂಗ್ ಕಂಪ್ಯೂಟರ್ ಜೋಡಿಸಿ ಕೊಡುವುದು, ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಬೇಕೆಂದು ಹೇಳುವುದು ಆಗಲೂ ನನ್ನ ಕೆಲಸ, ಈಗಲೂ ಅದೇ. ಇದನ್ನು ಯಾವ ಕಾಲೇಜೂ ನನಗೆ ಕಲಿಸಲಿಲ್ಲ. ಹೈದರಾಬಾದ್‌ನ ಗುಜರಿಯಿಂದ ಕೆಟ್ಟ ಮಷೀನು ತಂದು, ಬಿಚ್ಚಿ, ಜೋಡಿಸಿ, ಚೌಕಾಸಿ ಮಾಡಿ ಮಾರಿ ಕಲಿತವನು ನಾನು. ಗಿರಾಕಿ ಎಲ್ಲಿ ಮೋಸ ಹೋಗಲಿದ್ದಾನೆ ಎಂಬುದು ಅವನು ಕುರ್ಚಿಯಲ್ಲಿ ಕೂರುವ ಮೊದಲೇ ನನಗೆ ಗೊತ್ತಾಗುತ್ತದೆ. ಮಹಾನಂದಾ ಎಲ್ಲಿ ಮೋಸ ಹೋಗುತ್ತಾಳೆಂಬುದೂ ಗೊತ್ತಾಗಿತ್ತು. ಬಾಯಿಬಿಟ್ಟು ಹೇಳಿಯೂ ಇದ್ದೆ. ಅದಕ್ಕೇ ಇವತ್ತಿಗೂ ಸಿಟ್ಟು ಇಳಿದಿಲ್ಲ.

ಮಹಾನಂದಾ ಮುಡಬಿಯವಳು, ಶಾಲೆಯಲ್ಲಿ ಪಾಠ ಹೇಳುವ ಹೆಣ್ಣುಮಗಳು. ನಿರ್ಮಾಪಕರಿಲ್ಲದೆ ತಾನೇ ಒಂದು ಸಿನಿಮಾ ಮಾಡುತ್ತಿದ್ದಳು. ಹುಡಗಿ ಗ್ರಾಮದ ತುಳಜಮ್ಮ ಎಂಬ ಕೂಲಿ ಹೆಂಗಸನ್ನು ಮಳೆಗಾಲದ ಕಳೆ ತೆಗೆಯುವ ದಿನಗಳಿಂದ ಹಿಡಿದು ತೊಗರಿ ಕೊಯ್ಲು, ಆಮೇಲೆ ಸುಡುಬಿಸಿಲಿನಲ್ಲಿ ಕೊಯ್ದ ಹೊಲದಲ್ಲಿ ಉಳಿದ ಕೂಳೆ ಆರಿಸುವವರೆಗೆ ಒಂದು ಇಡೀ ವರ್ಷ ಕ್ಯಾಮೆರಾದಲ್ಲಿ ಹಿಡಿಯಲು ಹೊರಟಿದ್ದಳು. ಅದರಲ್ಲಿ ಹಾಡಿಲ್ಲ, ಹೊಡೆದಾಟವಿಲ್ಲ. ಮಳೆಗಾಲದಲ್ಲಿ ಹಸಿಯಾಗಿ ಮಿನುಗುವ ಆ ಮುಖ ತಿಂಗಳು ಕಳೆದಂತೆ ಕರ್ರಗಾಗಿ, ಒಣಗಿ, ಬಿರುಕು ಬಿಡುವುದೇ ಕಥೆ.

“ಮುಖಾನೇ ಸಿನಿಮಾ ಅಣ್ಣಾ,” ಎಂದಳು ಮಹಾನಂದಾ. “ಎಡಿಟಿಂಗಿಗಿ ಯಾವ್ ಸಾಫ್ಟ್‌ವೇರ್ ಚಲೋ ಹೇಳ್ರಿ.”

ನಾನು ತಿರುಗಿ ಕೇಳಿದೆ, “ವಿಎಫ್‌ಎಕ್ಸ್ ಏನೇನ್ ಬೇಕವ್ವಾ?” ವಿಎಫ್‌ಎಕ್ಸ್ ಎಂದರೆ ಚಿತ್ರೀಕರಣ ಮುಗಿದ ಮೇಲೆ ಕಂಪ್ಯೂಟರ್‌ನಲ್ಲಿ ದೃಶ್ಯಕ್ಕೆ ಸೇರಿಸುವ, ಅಳಿಸುವ ಕೆಲಸ. ಅವಳಿಗೆ ಬೇಕಿದ್ದದ್ದು ಹೊಲದ ಹಿಂದೆ ಕಾಣುವ ಮೊಬೈಲ್ ಟವರ್ ಅಳಿಸುವುದು, ಅಷ್ಟೇ. ಅದಕ್ಕೆ ಉಚಿತವಾಗಿ ಸಿಗುವ ಸಾಫ್ಟ್‌ವೇರ್ ಧಾರಾಳ ಸಾಕು. ನನಗೆ ಅದರಲ್ಲಿ ಲಾಭವಿಲ್ಲ, ಆದರೂ ಅದನ್ನೇ ಹೇಳಿದೆ. ಇನ್ನೊಂದು ಮಾತನ್ನೂ ಒತ್ತಿ ಹೇಳಿದೆ: ಒಳ್ಳೆಯ ಎಡಿಟಿಂಗ್ ಸಾಫ್ಟ್‌ವೇರ್ ಮೂಲ ದೃಶ್ಯವನ್ನು ಮುಟ್ಟುವುದೇ ಇಲ್ಲ. ಎಲ್ಲಿ ಕತ್ತರಿಸಬೇಕು, ಯಾವ ಬಣ್ಣ ಕೊಡಬೇಕು ಎಂಬ ಸೂಚನೆಯನ್ನು ಮಾತ್ರ ಬೇರೆ ಕಡೆ ಬರೆದಿಡುತ್ತದೆ. ಹಾಗಾಗಿ ಮೂಲ ಇರುವವರೆಗೂ ಎಷ್ಟು ಸಲ ತಪ್ಪಿದರೂ ಹಿಂದೆ ಹೋಗಬಹುದು. “ಸಾಫ್ಟ್‌ವೇರ್ ಮ್ಯಾಲ ರೊಕ್ಕ ಹಾಕಬ್ಯಾಡ. ಎರಡು ಹಾರ್ಡ್ ಡಿಸ್ಕ್ ತಗೋ. ಒಂದು ನಿನ್ನ ಮನ್ಯಾಗ ಇರಲಿ, ಒಂದು ಎಡಿಟರ್ ಕಡೆ ಇರಲಿ.”

ತಲೆಯಾಡಿಸಿ ಹೋದಳು. ಹೋದವಳು ಧನರಾಜನ ಕೈಗೆ ಸಿಕ್ಕಳು.

ಧನರಾಜ ಬಸವಕಲ್ಯಾಣದಲ್ಲಿ ದೊಡ್ಡ ಸ್ಟುಡಿಯೊ ಇಟ್ಟವನು. ಸಿನಿಮಾದಲ್ಲಿ ತನ್ನ ಹೆಸರು ಬಂದರೆ ಸಾಕು, ಎಡಿಟಿಂಗ್ ಮುಫತ್, ಒಂದು ಪೈಸೆಯೂ ಬೇಡ ಎಂದ. ತಿಂಗಳ ಬಾಡಿಗೆಯ ದುಬಾರಿ ಸಾಫ್ಟ್‌ವೇರ್ ತನ್ನಲ್ಲಿದೆ, ಅದರಲ್ಲಿ ಎಐ ಇದೆ, ಡಿಸ್ಕೂ ತನ್ನದೇ ಬಳಸೋಣ ಎಂದ. ಮುಫತ್ ಎಂಬ ಶಬ್ದ ಕೇಳಿದಾಗ ನಮ್ಮ ಕಡೆಯವರ ಕಿವಿ ಅರಳುತ್ತದೆ, ಬುದ್ಧಿ ಮಲಗುತ್ತದೆ. ಮಹಾನಂದಾ ಕ್ಯಾಮೆರಾದ ಮೆಮೊರಿ ಕಾರ್ಡ್‌ಗಳು ತುಂಬಿದಂತೆಲ್ಲ ಅವನಲ್ಲಿ ಖಾಲಿ ಮಾಡಿಸಿಕೊಂಡು ಮತ್ತೆ ಚಿತ್ರೀಕರಣಕ್ಕೆ ಹೋಗುತ್ತಿದ್ದಳು.

ಬೆಂಗಳೂರಿನ ಒಂದು ಚಿತ್ರೋತ್ಸವಕ್ಕೆ ಸಿನಿಮಾ ಕಳಿಸುವ ದಿನ ಹತ್ತಿರ ಬಂದಾಗ, ಮೊದಲ ಜೋಡಣೆ ನೋಡಲು ನನ್ನನ್ನೂ ಕರೆದಳು. ಬಸವಕಲ್ಯಾಣಕ್ಕೆ ಹೋದೆ. ಸ್ಟುಡಿಯೊದಲ್ಲಿ ತುಳಜಮ್ಮ ಚಪ್ಪಲಿ ಹೊರಗೆ ಬಿಟ್ಟು, ಸೆರಗು ಸರಿ ಮಾಡಿಕೊಂಡು ಮುಂದಿನ ಕುರ್ಚಿಯಲ್ಲಿ ಕೂತಿದ್ದಳು. ಧನರಾಜ ದೀಪ ಆರಿಸಿದ.

ಪರದೆ ಮೇಲೆ ಹಸಿರು ಹೊಲ ಬಂತು. ಅದರಲ್ಲಿ ಒಬ್ಬ ಹೆಂಗಸು ತಲೆ ಎತ್ತಿದಳು. ಕೆನ್ನೆ ಬೆಣ್ಣೆಯ ಹಾಗೆ ನುಣುಪು. ಹಣೆಯ ಗೆರೆ ಮಾಯ. ಗದ್ದದ ಹಚ್ಚೆಯೂ ಮಸುಕು. ಮಳೆಗಾಲ ಹೋಗಿ ಬೇಸಿಗೆ ಬಂದರೂ ಮುಖ ಮಾತ್ರ ಈಗಷ್ಟೇ ಅರಿಶಿಣ ತೊಳೆದ ಮದುಮಗಳದ್ದು.

“ಇಕಿ ಯಾರವ್ವಾ?” ಎಂದಳು ತುಳಜಮ್ಮ.

“ನೀವೇ ರೀ ಆಯಿ! ಹೀರೋಯಿನ್ ಮಾಡೀನಿ ನಿಮಗ,” ಎಂದು ಧನರಾಜ ನಕ್ಕ.

“ಇಷ್ಟು ಬೆಳ್ಳಗ ಇದ್ದಿದ್ರ ನಾ ಯಾಕ ಮಂದಿ ಹೊಲದಾಗ ಕಳೆ ತೆಗಿತಿದ್ದೆ ತಮ್ಮಾ? ಗೌಡ್ರ ಮನ್ಯಾಗ ಗಾದಿ ಮ್ಯಾಲ ಕುಂದರ್ತಿದ್ದೆ.” ಆಮೇಲೆ ದನಿ ತಗ್ಗಿಸಿ, “ವರ್ಷಗಟ್ಲೆ ಬಿಸಲಾಗ ಈಕಿ ನಿಂತಿಲ್ಲೋ, ನಾ ನಿಂತೀನಿ,” ಎಂದಳು.

ಏನಾಗಿತ್ತೆಂದು ಹೇಳುತ್ತೇನೆ. ನಮ್ಮಲ್ಲಿ ಲಗ್ನದ ವಿಡಿಯೊ ಎಡಿಟಿಂಗ್‌ಗೆ ‘ಮಿಕ್ಸಿಂಗ್’ ಎನ್ನುತ್ತಾರೆ. ಮಿಕ್ಸಿಂಗ್‌ನ ಮೊದಲ ನಿಯಮ, ಎಲ್ಲರನ್ನೂ ಬೆಳ್ಳಗೆ ಮಾಡು. ಎರಡನೆಯದು, ಡಿಸ್ಕ್ ತುಂಬದಂತೆ ಮೂಲ ಅಳಿಸು. ಕಾರ್ಡ್ ಬಂದ ಕೂಡಲೇ ಸಾಫ್ಟ್‌ವೇರ್ ತಾನಾಗಿಯೇ ಮುಖ ಹುಡುಕಿ, ನುಣುಪು ಮಾಡಿ, ಚಿಕ್ಕ ಫೈಲಾಗಿ ಬರೆಯುವಂತೆ ಧನರಾಜ ಇಟ್ಟುಕೊಂಡಿದ್ದ. ಲಗ್ನದ ಮನೆಯವರು ಇದನ್ನೇ ಬೇಡುತ್ತಾರೆ. ಸಿನಿಮಾದ ಕಾರ್ಡ್‌ಗಳನ್ನೂ ಅದೇ ಗಾಣಕ್ಕೆ ಹಾಕಿದ್ದ. ಅವನು ಕೆಡಿಸಬೇಕೆಂದು ಕೆಡಿಸಿರಲಿಲ್ಲ. ಉಪಕಾರ ಮಾಡಿದೆ ಅಂದುಕೊಂಡಿದ್ದ. ಅದು ನನ್ನ ಸಿಟ್ಟನ್ನು ಇನ್ನೂ ಏರಿಸಿತು.

“ಒರಿಜಿನಲ್ ಎಲ್ಲಿ ಅವ?” ಎಂದೆ.

“ಒರಿಜಿನಲ್ ಇಟ್ಟು ಏನ್ ಮಾಡೋದ್ರಿ? ಯಾರ್ ಕೇಳ್ತಾರ?”

“ಈಗ ನಾ ಕೇಳಾಕತ್ತೀನಿ.”

“ಡಿಲೀಟ್ ಆಗ್ಯಾವ್ರಿ. ಹಂಗ ನೋಡಿದ್ರ ಇದಾ ಛಂದ ಅದ. ಖಾಲಿಪೀಲಿ ಯಾಕ ಸಿಟ್ಟಾಗ್ತೀರಿ?”

ಮಹಾನಂದಾ ಅಳಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟಳು. ಅಳಿಸಿದ ಫೈಲು ತಕ್ಷಣ ಸಾಯುವುದಿಲ್ಲ ಎಂಬುದೊಂದೇ ನನಗೆ ಉಳಿದಿದ್ದ ಆಸರೆ. ಅದೇ ಜಾಗದ ಮೇಲೆ ಹೊಸದನ್ನು ಬರೆದಾಗ ಮಾತ್ರ ಅದು ಕಾಯಂ ಹೋಗುತ್ತದೆ. ಪಕ್ಕದ ಕೋಣೆಯಲ್ಲಿ ಅದೇ ಡಿಸ್ಕ್ ಮೇಲೆ ಯಾರದೋ ಲಗ್ನದ ವಿಡಿಯೊ ತುಂಬುತ್ತಾ ಇತ್ತು. ನಾನು ಹೋಗಿ ವೈರು ಕಿತ್ತೆ.

ಧನರಾಜ ಕೂಗಾಡಿದ. “ನಂದು ಡಿಸ್ಕ್ ಅದ! ಯಾವ ಹಕ್ಕಿನ ಮ್ಯಾಲ ಕೈ ಹಚ್ಚಿದಿ?”

ಇಲ್ಲಿಂದ ನನ್ನ ನಿಜವಾದ ಕಸುಬು ಶುರುವಾಯಿತು. ಸಿಟ್ಟನ್ನು ಜೇಬಿನಲ್ಲಿಟ್ಟುಕೊಂಡು ಚೌಕಾಸಿಗೆ ಕೂತೆ. “ಹೊಸಾ ಡಿಸ್ಕ್, ಇದಕ್ಕಿಂತ ದೊಡ್ಡದು, ಇವತ್ತೇ ನನ್ನ ಅಂಗಡಿಯಿಂದ ಬರ್ತದ. ಲಗ್ನದ ಫೈಲೆಲ್ಲ ಅದಕ್ಕೆ ಹಾಕಿ ಕೊಡ್ತೀನಿ. ಇದು ನನಗ ಕೊಡು.” ನಮ್ಮ ಅವಸರದ ವಾಸನೆ ಅವನ ಮೂಗಿಗೆ ಬಡಿಯಿತು. ಅವನೂ ವ್ಯಾಪಾರಿಯೇ. ಸಿನಿಮಾದ ಎಡಿಟರ್ ಎಂದು ತನ್ನೊಬ್ಬನ ಹೆಸರು ಬರಬೇಕು, ಬೆಳ್ಳಗೆ ಮಾಡಿದ್ದನ್ನೇ ಉತ್ಸವಕ್ಕೆ ಕಳಿಸಬೇಕು ಎಂದ.

“ಆಯ್ತು,” ಎಂದೆ. “ನಾಳಿಂದ ಕಲ್ಯಾಣದಾಗ ಲಗ್ನ ಮಾಡವರಿಗೆಲ್ಲ ನಾನೂ ಒಂದು ಮಾತು ಹೇಳ್ತೀನಿ. ನಿಮ್ಮ ಅಪ್ಪ, ಅವ್ವ, ಅಜ್ಜಿ ಅಸಲಿ ಹ್ಯಾಂಗಿದ್ರು ಅಂಬೋದು ಧನರಾಜನ ಕಡೆ ಇಲ್ಲ, ಅಳಿಸಿ ಒಗದಾನ ಅಂತ. ಸತ್ತ ಮ್ಯಾಲ ಫೋಟೊ ಬೇಕಾದ್ರ ಎಲ್ಲಿಗಿ ಹೋಗ್ತಾರ ನೋಡೋಣು.”

ಅವನ ಮುಖ ಇಳಿಯಿತು. ಷರತ್ತು ಬಿಟ್ಟು ಡಿಸ್ಕ್ ಕೊಟ್ಟ.

ಹುಮನಾಬಾದ್‌ಗೆ ತಂದು, ಅಳಿಸಿದ ಫೈಲು ಹುಡುಕುವ ಸಾಫ್ಟ್‌ವೇರ್ ಹಾಕಿದೆ. ಬೇಸಿಗೆಯದು ಹೆಚ್ಚುಕಡಿಮೆ ಪೂರ್ತಿ ಸಿಕ್ಕಿತು. ತೊಗರಿ ಕೊಯ್ಲಿನದು ಸಿಕ್ಕಿತು. ಮಳೆಗಾಲದ್ದು ಸಿಗಲಿಲ್ಲ. ಎಲ್ಲಕ್ಕಿಂತ ಹಳೆಯ ಆ ಜಾಗದ ಮೇಲೆ ಲಗ್ನದ ಮೇಲೆ ಲಗ್ನ ಬರೆದು ಹೋಗಿತ್ತು. ಈ ಉತ್ಸವ ತಪ್ಪಿದರೂ ಸರಿ, ಮುಂದಿನ ಮಳೆಗಾಲದಲ್ಲಿ ಮತ್ತೆ ಶೂಟ್ ಮಾಡೋಣವೇ ಎಂದು ಹುಡಗಿ ಗ್ರಾಮಕ್ಕೆ ಹೋಗಿ ಕೇಳಿದೆವು. ತುಳಜಮ್ಮ ಬಾಯಿ ತೆರೆದು ತೋರಿಸಿದಳು. “ಮುಂದಿನ ಎರಡು ಹಲ್ಲು ಚಳಿಗಾಲದಾಗ ಹೋಗ್ಯಾವ. ಹ್ವಾದ ಮುಖ ಎಲ್ಲಿಂದ ತರ್ಲಿ?”

ಪುಣೆಯ ಒಬ್ಬ ವಿಎಫ್‌ಎಕ್ಸ್‌ನವನಿಗೆ ಫೋನ್ ಮಾಡಿದೆ. ನುಣುಪಾದ ಮುಖದ ಮೇಲೆ ಎಐನಿಂದ ಗೆರೆ, ಕಪ್ಪು, ಹಚ್ಚೆ ಎಲ್ಲ ಮತ್ತೆ ಕೂಡಿಸುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದ. ನನಗೆ ಅದು ಒಳ್ಳೆಯ ಸೌದಾ ಅನ್ನಿಸಿತು. ಮಹಾನಂದಾ ಒಂದೇ ಮಾತಿಗೆ ಬೇಡ ಎಂದಳು. “ಒಂದು ಮಷೀನು ಅಳಿಸ್ತು, ಇನ್ನೊಂದು ಮಷೀನು ಅಂದಾಜಿನ ಮ್ಯಾಲ ಗೀಚ್ತದ. ಅದರಾಗ ಆಯಿ ಎಲ್ಲಿ ಇರ್ತಾಳ ಅಣ್ಣಾ?”

ಮಳೆಗಾಲದ ಕೆಟ್ಟ ಫೈಲುಗಳನ್ನೇ ಮತ್ತೆ ಒಂದೊಂದಾಗಿ ನೋಡುತ್ತಾ ಕೂತೆವು. ಆಗ ಒಂದು ಸಂಗತಿ ಕಂಡಿತು. ಆ ಸಾಫ್ಟ್‌ವೇರ್ ಎದುರಿನಿಂದ ಕಾಣುವ ಮುಖವನ್ನಷ್ಟೇ ಹಿಡಿಯುತ್ತಿತ್ತು. ತಲೆ ಬಗ್ಗಿಸಿದ್ದು, ಬೆನ್ನು ತಿರುಗಿಸಿದ್ದು, ಸೆರಗಿನ ಮರೆಯದ್ದು, ಕೆಸರಿನಲ್ಲಿ ಕಳೆ ಕೀಳುವ ಕೈ ಇವನ್ನು ಮುಟ್ಟಿರಲಿಲ್ಲ. ಮಹಾನಂದಾ ಉಚಿತ ಸಾಫ್ಟ್‌ವೇರ್‌ನಲ್ಲೇ ಮಳೆಗಾಲವನ್ನು ಹೊಸದಾಗಿ ಜೋಡಿಸಿದಳು. ಸಿನಿಮಾದ ಮೊದಲ ಭಾಗದಲ್ಲಿ ತುಳಜಮ್ಮನ ಮುಖವೇ ಇಲ್ಲ. ಬರೀ ಬೆನ್ನು, ಕೈ, ಉಸಿರು. ತೊಗರಿ ಹೊಲದಲ್ಲಿ ಮೊದಲ ಬಾರಿಗೆ ಅವಳು ತಿರುಗುತ್ತಾಳೆ. ಟವರ್ ಅಳಿಸುವ ಕೆಲಸ ನಾನೇ ಮಾಡಿಕೊಟ್ಟೆ.

ಸಿನಿಮಾ ಉತ್ಸವಕ್ಕೆ ಆಯ್ಕೆಯಾಯಿತು. ಪ್ರದರ್ಶನದ ಬಳಿಕ ಕನ್ನಡಕದ ಸಭಿಕರೊಬ್ಬರು ಎದ್ದು, “ಅಷ್ಟು ಹೊತ್ತು ಮುಖ ತೋರಿಸದೇ ಇರುವುದು ಬಹಳ ದಿಟ್ಟ ಕಲಾತ್ಮಕ ನಿರ್ಧಾರ” ಎಂದು ಹೊಗಳಿದರು. ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಎದ್ದು ಒದರಬೇಕೆನ್ನಿಸಿತು. ಮಹಾನಂದಾ ಮೈಕ್ ತೆಗೆದುಕೊಂಡಳು.

“ನಿರ್ಧಾರ ಅಲ್ರಿ. ಆ ಮುಖ ಅಳಿಸಿ ಹೋಗ್ಯದ. ಉಳದಿದ್ದನ್ನ ತೋರ್ಸೀನಿ.”

ಚಪ್ಪಾಳೆ ನಿಂತಿತು. ಅದೇ ನನಗೆ ಸಮಾಧಾನ ಕೊಟ್ಟಿತು.

ಸ್ವಂತ ಸಿನಿಮಾ ಮಾಡುವವರು ಈಗಲೂ ನನ್ನ ಅಂಗಡಿಗೆ ಬರುತ್ತಾರೆ, ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದೇ ಶುರು ಮಾಡುತ್ತಾರೆ. ನಾನು ಹೇಳುವುದಿಷ್ಟು: ಬ್ರಾಂಡು ಆಮೇಲೆ ನೋಡೋಣ. ನಿಮ್ಮನ್ನು ಕೇಳದೆ ಅದು ನಿಮ್ಮ ದೃಶ್ಯಕ್ಕೆ ಏನು ಮಾಡುತ್ತದೆ, ಬಾಡಿಗೆ ನಿಲ್ಲಿಸಿದ ದಿನ ನಿಮ್ಮ ಕೆಲಸ ತೆರೆಯುತ್ತದೋ ಇಲ್ಲವೋ, ಮೊದಲು ಅದನ್ನು ಕೇಳಿ. ಮುಫತ್ ಅಂದವನ ಕೈಗೆ ಮೂಲ ಕೊಡಬೇಡಿ. ಕೊಡಲೇಬೇಕಾದರೆ ಒಂದು ಪ್ರತಿ ಮನೆಯಲ್ಲಿಟ್ಟು ಕೊಡಿ. ಎಲ್ಲ ಹೇಳುತ್ತೇನೆ, ಅರ್ಧ ಜನ ನಕ್ಕು ಹೋಗುತ್ತಾರೆ. ಧನರಾಜನ ಸ್ಟುಡಿಯೊ ಭರ್ಜರಿಯಾಗಿ ನಡೆಯುತ್ತಿದೆ, ಲಗ್ನದವರು ಸಾಲುಗಟ್ಟಿ ಬರುತ್ತಾರೆ. ಒಂದು ಮಳೆಗಾಲ ಪೂರ್ತಿ ಕೆಸರಿನಲ್ಲಿ ನಿಂತ ಹೆಂಗಸಿನ ಮುಖ ಮಾತ್ರ ಜಗತ್ತಿನಲ್ಲಿ ಯಾರ ಹತ್ತಿರವೂ ಇಲ್ಲ.