ಬಟಾಣಿ ಬಿಡಿಸುತ್ತಾ ಕೇಳಿದ್ದು

...ಅಥವಾ ಅಕ್ಕನ ಹೆಬ್ಬೆರಳಿನ ಉಗುರು ಹಸಿರಾಗಿರಲೇ ಇಲ್ಲವೇನೋ. ಚಳಿಗಾಲವಿಡೀ ಬಟಾಣಿ ಬಿಡಿಸುತ್ತಿದ್ದವರ ಉಗುರು ಹಸಿರಾಗಿರಲೇಬೇಕು ಎಂದು ಆಮೇಲೆ ನಾನೇ ಬಳಿದಿರಬಹುದು. ನೆನಪು ಹೀಗೆ ಕೇಳದೆಯೇ ಉಪಕಾರ ಮಾಡಲು ಬರುತ್ತದೆ. ಅದಕ್ಕೇ ಅದನ್ನು ನಂಬುವುದಿಲ್ಲ.

ಅಕ್ಕ ಎನ್ನುತ್ತಿದ್ದೆ. ಸಂಬಂಧವೇನೂ ಇಲ್ಲ. ದೆಹಲಿಯ ಹೌಜ್ ಖಾಸ್‌ನಲ್ಲಿ ನನ್ನ ಬಾಡಿಗೆ ಕೋಣೆಯ ಕೆಳಗಿನ ಮನೆಯವರು, ಕೇಂದ್ರ ಸರ್ಕಾರದ ಅಧಿಕಾರಿಯೊಬ್ಬರ ಹೆಂಡತಿ. ಗುರ್‌ಗಾಂವ್‌ನ ಕನ್ಸಲ್ಟಿಂಗ್ ಕಂಪನಿಯೊಂದರಲ್ಲಿದ್ದು ಕೆಲಸ ಬಿಟ್ಟಿದ್ದರು. ನನಗೆ ಅಂಥದೇ ಕೆಲಸ ಬೇಕಿತ್ತು. ಅಲ್ಲಿಯ ಸಂದರ್ಶನದಲ್ಲಿ ಒಂದು ಕೇಸ್ ಕೊಡುತ್ತಾರೆ: ಯಾವುದೋ ವ್ಯಾಪಾರ ಮುಳುಗುತ್ತಿದೆ, ಯಾಕೆ? ಉತ್ತರಕ್ಕೆ ಬೇಕಾದ ವಿವರವೆಲ್ಲ ಎದುರು ಕೂತವರ ಬಳಿ ಇರುತ್ತದೆ. ನೀವು ಕೇಳದಿದ್ದರೆ ಅವರು ಬಾಯಿ ಬಿಡುವುದಿಲ್ಲ.

ತಾರಸಿಯ ಬಿಸಿಲಲ್ಲಿ ಮೊರ ಇಟ್ಟುಕೊಂಡು ಅಕ್ಕ ಅಭ್ಯಾಸಕ್ಕೆಂದು ಒಂದು ಕೇಸ್ ಕೊಟ್ಟರು. ಶಾಲಾ ಬಸ್ಸುಗಳ ಕಂಪನಿ, ಫೀಸು ಹಾಗೇ ಇದೆ, ಲಾಭ ಇಳಿದಿದೆ.

"ಎಷ್ಟು ಬಸ್ಸಿವೆ? ಡ್ರೈವರ್‌ಗಳೆಷ್ಟು? ಡೀಸೆಲ್‌ಗೆ ಎಷ್ಟಾಗುತ್ತೆ?"

"ಜನಗಣತಿಗೆ ಬಂದಿದ್ದೀಯೇನೇ? ಎಷ್ಟು ಬಸ್ಸು ಅಂತ ಗೊತ್ತಾದ್ರೆ ಏನು ಮಾಡ್ತೀಯ?"

ಅಕ್ಕ ಇನ್ನೊಂದು ಬಟಾಣಿ ಕೋಡು ಕೈಗೆತ್ತಿಕೊಂಡರು.

"ಮೊದಲು ಒಂದು ಅನುಮಾನ ಇಟ್ಕೊ. ಯಾಕೆ ಕೇಳ್ತಿದ್ದೀನಿ ಅಂತ ಹೇಳು. ಆಮೇಲೆ ಕೇಳು, ಕೇಳಿ ಸುಮ್ನಿರು."

"ಫೀಸು ಹಾಗೇ ಇದೆ ಅಂದ್ರಿ. ಹಾಗಾದ್ರೆ ಸೀಟು ಖಾಲಿ ಓಡ್ತಿವೆ ಅಂತ ಅನುಮಾನ. ಮಕ್ಕಳು ಕಡಿಮೆ ಆಗಿದ್ದಾರಾ?"

ಕೋಡು ಟಪ್ಪೆಂದು ಬಿಚ್ಚಿತು. "ಅಚ್ಛಾ. ಈಗ ಕೇಳಿದೆ. ಹೌದು, ಕಡಿಮೆ ಆಗಿದ್ದಾರೆ."

ಆ ಹುಮ್ಮಸ್ಸಿನಲ್ಲೇ ಕೇಳಿದೆ: "ಅಕ್ಕಾ, ನಾನು ಕೇಳದೇ ಇರೋದು ಇನ್ನೇನಾದ್ರೂ ಇದೆಯಾ?"

ಖಾಲಿ ಸಿಪ್ಪೆಯೊಂದು ನನ್ನ ಮುಖಕ್ಕೆ ಬಂದು ಬಿತ್ತು. "ಅದು ಪ್ರಶ್ನೆ ಅಲ್ಲ, ಭಿಕ್ಷೆ. ಇನ್ನೊಂದ್ಸಲ ಆ ಮಾತು ಬಂದ್ರೆ ಕೆಳಗಿಳಿದು ಹೋಗ್ತಿರು."

ಮತ್ತೆ ಆ ಮಾತು ಬರಲಿಲ್ಲ. ಕೆಲಸ ಸಿಕ್ಕಿತು. ಅವರಿಂದಲೇ ಸಿಕ್ಕಿತು, ಅದರಲ್ಲಿ ನನಗೆ ಅನುಮಾನವಿಲ್ಲ. ಹೇಳಲು ಓಡಿದರೆ, "ಚಲೋ, ಕೂತ್ಕೊ, ಬಟಾಣಿ ಬಿಡಿಸು" ಎಂದರು.

ಮುಂದಿನ ಚಳಿಗಾಲ ಗುರ್‌ಗಾಂವ್‌ನಿಂದ ಒಂದು ಭಾನುವಾರ ಬಂದಾಗ ಅವರ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ನಾನು ಕಲಿತ ಹಾಗೆಯೇ ಕೇಳಿದೆ.

"ತುಂಬಾ ಇಳಿದಿದ್ದೀರಿ. ಅಮ್ಮನಿಗೆ ಶುಗರ್ ಶುರುವಾದಾಗ ಹೀಗೇ ಆಗಿತ್ತು, ಅದಕ್ಕೇ ಕೇಳ್ತಿದ್ದೀನಿ. ಟೆಸ್ಟ್ ಮಾಡಿಸಿದ್ರಾ?"

"ಶಹಭಾಸ್! ಕಾರಣ ಕೊಟ್ಟು ಕೇಳಿದೆ. ಮಾಡಿಸಿದೀನಿ. ಶುಗರ್ ಇಲ್ಲ."

"ಸರಿಯಾಗಿ ಊಟ ಮಾಡ್ತಿಲ್ವಾ?"

"ನಿನಗಿಂತ ಚೆನ್ನಾಗಿ ಮಾಡ್ತೀನಿ."

ನನ್ನ ಅನುಮಾನಗಳು ಮುಗಿದವು. ಆ ಭಿಕ್ಷೆಯ ಪ್ರಶ್ನೆ ನಾಲಿಗೆಯವರೆಗೆ ಬಂದಿತ್ತು. ಅವರು ಕೋಡು ಹಿಡಿದು ನನ್ನನ್ನೇ ನೋಡುತ್ತಿದ್ದರು. ನಾನು ನುಂಗಿಕೊಂಡೆ. ಹೋಳಿಯ ಹೊತ್ತಿಗೆ ಅಕ್ಕ ಇರಲಿಲ್ಲ. ಹೊಟ್ಟೆಯಲ್ಲಿ ಗಡ್ಡೆ, ದಸರೆಗೆ ಮೊದಲೇ ಗೊತ್ತಿತ್ತು ಎಂದರು ಅವರ ಯಜಮಾನರು.

ಸತ್ತವರ ಮೇಲೆ ಸಿಟ್ಟಾಗಬಾರದು ಎನ್ನುತ್ತಾರೆ. ನನಗೆ ಸಿಟ್ಟಿದೆ. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ, ಅದಕ್ಕೇ ಸಿಟ್ಟು. ಆ ಶಹಭಾಸ್ ಮೇಲಂತೂ ಇವತ್ತಿಗೂ ಮೈ ಉರಿಯುತ್ತದೆ. ಸಾಯುತ್ತಿರುವ ಹೆಂಗಸು ಎದುರಿದ್ದವಳ ಪ್ರಶ್ನೆಗೆ ಅಂಕ ಕೊಡುತ್ತಾ ಕೂತಿದ್ದಳು! ಮನುಷ್ಯರ ನಡುವೆ ಕೇಳದಿದ್ದರೂ ಹೇಳುವುದು ಅಂತ ಒಂದಿರುತ್ತದೆ ಅಕ್ಕಾ. ಅದನ್ನು ನೀವು ನನಗೆ ಕಲಿಸಲಿಲ್ಲ.

ಈಗ ನನ್ನೆದುರು ಸಂದರ್ಶನಕ್ಕೆ ಕೂತವರು ಆ ಭಿಕ್ಷೆಯ ಪ್ರಶ್ನೆ ಕೇಳಿದರೆ ನಾನು ಉತ್ತರಿಸುತ್ತೇನೆ. ಸಹೋದ್ಯೋಗಿಗಳು ನಗುತ್ತಾರೆ.

ಅವತ್ತು ಅವರು ನನ್ನನ್ನು ನೋಡುತ್ತಿದ್ದದ್ದು ಆ ಪ್ರಶ್ನೆಗೆ ಕಾದೋ, ನಾನದನ್ನು ಕೇಳುವುದಿಲ್ಲ ಎಂಬ ಧೈರ್ಯದಿಂದಲೋ? ಅಥವಾ ಅವರು ನೋಡಲೇ ಇಲ್ಲವೋ? ಗೊತ್ತಿಲ್ಲ.