ಸೇತುವೆ ಮುಟ್ಟಿದ ಸೊನ್ನೆ

ಯಮನೂರಿನ ರೋಹಿಣಿ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವಳು. ಹಳ್ಳದಾಚೆಯ ಎರೆಹೊಲಗಳಿಗೆ ಕಳೆ ತೆಗೆಯಲು ಹೋಗುವ ಹೆಂಗಸರಲ್ಲಿ ಅವಳ ತಾಯಿ ರೇವವ್ವನೂ ಒಬ್ಬಳು. ಮೇಲೆಲ್ಲೋ ಮಳೆಯಾದರೆ ಇಲ್ಲಿ ಬಿಸಿಲಿರುವಾಗಲೇ ಹಳ್ಳ ಏರುತ್ತದೆ. ಅದಕ್ಕೆಂದೇ ರೋಹಿಣಿ ತಗ್ಗು ಸೇತುವೆಯ ಹೊಟ್ಟೆಗೆ ಅಳತೆಯ ಯಂತ್ರವೊಂದನ್ನು ಕಟ್ಟಿದ್ದಳು. ಸೇತುವೆಗೂ ನೀರಿಗೂ ಎಷ್ಟು ಅಂತರವೆಂದು ಅದು ಕಾಲು ತಾಸಿಗೊಮ್ಮೆ ಎಲ್ಲರ ಫೋನಿಗೆ ತಿಳಿಸುತ್ತಿತ್ತು. ಅಂದಿನಿಂದ ಹೆಂಗಸರು ಸೇತುವೆ ಕಾಣುವ ಜಾಲಿಯ ತಿರುವಿನಲ್ಲಿ ಗಾಡಿಯಿಂದ ಇಳಿದು ನೀರು ನೋಡುವ ರೂಢಿಯನ್ನೇ ಬಿಟ್ಟರು.

ಭಾದ್ರಪದದ ಒಂದು ಬುಧವಾರ, ಸಂಜೆ ನಾಲ್ಕು. ಆಕಾಶ ಬೋಳು. ಶಾಲೆಯ ಬೇವಿನ ಮರದಲ್ಲಿ ಒಂದು ಕಾಗೆಯೂ ಇರಲಿಲ್ಲ. ಫೋನು ಮಿಣುಕಿತು: ಎರಡು ಅಡಿ ಮೂರು ಅಂಗುಲ, ಹಾದಿ ಸುರಕ್ಷಿತ. ಎರಡು ಗಂಟೆಯಿಂದಲೂ ಅದೇ ಅಳತೆ. ಹರಿಯುವ ನೀರು ಹೀಗೆ ಉಸಿರು ಹಿಡಿದು ನಿಲ್ಲುವುದಿಲ್ಲ.

ರೋಹಿಣಿ ಯಂತ್ರ ಕಳಿಸಿದ ಮೂಲ ಅಂಕಿಗಳನ್ನು ಕಂಪ್ಯೂಟರಿನಲ್ಲಿ ತೆರೆದಳು. ಸೊನ್ನೆ. ಸೊನ್ನೆ. ಸೊನ್ನೆ.

ಅಳತೆ ಬಾರದಿದ್ದರೆ ಅಲ್ಲಿ 'ಫಾಲ್ಸ್', ಎಂದರೆ ಸುಳ್ಳು, ಎಂಬ ಗುರುತು ಬೀಳುತ್ತಿತ್ತು. ಆಗ ಹಿಂದಿನ ಅಳತೆಯನ್ನೇ ಹೇಳು ಎಂದು ಅವಳೇ ಬರೆದಿದ್ದಳು. ಆದರೆ ಹೋಲಿಕೆಗೆ ಎರಡೇ ಸಮಚಿಹ್ನೆ ಇಟ್ಟಿದ್ದಳು. ಎರಡಿದ್ದರೆ ಕಂಪ್ಯೂಟರ್ ಸೊನ್ನೆಯನ್ನೂ ಸುಳ್ಳನ್ನೂ ಒಂದೇ ಎಂದು ಬಗೆಯುತ್ತದೆ. ಮೂರಿದ್ದರೆ ಅಂಕಿಯನ್ನು ಅಂಕಿಯೆಂದೇ ಗುರುತಿಸುತ್ತದೆ. ನೀರು ಸೇತುವೆ ಮುಟ್ಟಿದೆಯೆಂದು ಯಂತ್ರ ಹೇಳುತ್ತಲೇ ಇತ್ತು; ಅವಳು ಬರೆದ ಸಾಲು ಅದನ್ನು ತಳ್ಳಿ ಹಳೆಯ ಅಳತೆಯನ್ನೇ ಕಳಿಸುತ್ತಿತ್ತು.

ಅವಳು ತಾಯಿಗೆ ಫೋನು ಹಚ್ಚಿದಳು. "ಯವ್ವಾ, ಎಲ್ಲಿದ್ದಿ ಬೇ?"

"ಟೆಂಪೋದಾಗ, ಹೊಲದಿಂದ ಮನಿಗಿ ಬರಾಕತ್ತೀವಿ. ಹಾದಿ ಚಲೋ ಐತಿ ಅಂತ ಈಗರ ನೀನ ಹೇಳಿದೆಲ್ಲ."

"ನಾ ಹೇಳಿಲ್ಲ. ಗಾಡಿ ನಿಂದರಸಂತ ಭೀಮಶಿ ಕಾಕಾಗ ಹೇಳು."

ಗಾಡಿ ನಡೆಸುವ ಭೀಮಶಿ ನಕ್ಕದ್ದು ಕೇಳಿಸಿತು. "ಅಕ್ಕೋರ ಮಶೀನು ಹೋಗು ಅಂತೈತಿ, ಅಕ್ಕೋರು ಬ್ಯಾಡ ಅಂತಾರ. ಯಾರ ಮಾತ ಕೇಳ್ಲಿ?"

"ಮಶೀನ ಹಡದಾಕಿ ಮಾತ ಕೇಳೋ, ಭಾಡ್ಯಾ. ನಿಲ್ಲಸು," ಎಂದಳು ರೇವವ್ವ.

ಗಾಡಿ ನಿಂತಿತು. ತಾಯಿ ತಿರುವಿನತ್ತ ನಡೆದ ಹೆಜ್ಜೆಗಳು ಕೇಳಿಸಿದವು. ಆಮೇಲೆ ಅವೂ ಇಲ್ಲ.

"ಯವ್ವಾ?"

"ಸೇತುವಿ ಇಲ್ಲ ತಂಗಿ," ರೇವವ್ವನ ದನಿ ಸಣ್ಣದಾಗಿತ್ತು. "ಸಪ್ಪಳನೂ ಇಲ್ಲ. ನೀರ ಮ್ಯಾಲೆ ಬಿಸಲ ಹೊಳಿಯಾಕತ್ತೈತಿ, ಅಷ್ಟ."

ಅಷ್ಟರಲ್ಲಿ ಟೆಂಪೋದಲ್ಲಿದ್ದವರ ಫೋನುಗಳೆಲ್ಲ ಒಟ್ಟಿಗೆ ಗುಣುಗಿದವು: ಎರಡು ಅಡಿ ಮೂರು ಅಂಗುಲ, ಹಾದಿ ಸುರಕ್ಷಿತ.

"ಹಿಂದ ಇನ್ನೂ ಎರಡು ಗಾಡಿ ಬರಾಕತ್ತಾವ," ಎಂದಳು ರೇವವ್ವ.

ರೋಹಿಣಿ ಮೂರನೆಯ ಸಮಚಿಹ್ನೆಯನ್ನು ಒತ್ತಿದಳು. ಸೊನ್ನೆ ಅಡಿ, ಬರಬೇಡಿ ಎಂಬ ಸಂದೇಶ ಹೊರಟಿತು. ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾದಳು. ದೂರದಲ್ಲಿ ಒಂದು ಇಂಜಿನು ನಿಂತಿತು. ಬಹಳ ಹೊತ್ತಾದ ಮೇಲೆ ಇನ್ನೊಂದು.