ಎಂಜಿನ್ನಿಗೆ ಕುಡಿಸಿದ ತೆಂಗಿನ ನೀರು

ನಮ್ಮಲ್ಲಿ ದೀಪಾವಳಿ ಪಾಡ್ಯದ ದಿನ ಗಾಡಿಗಳಿಗೆ ಪೂಜೆ. ಬಾನೆಟ್ ಎತ್ತಿ, ಬಿರೋಬಾ ದೇವರ ಭಂಡಾರದ ಅರಿಶಿನವನ್ನು ಎಂಜಿನ್ನಿನ ಮೇಲೆಲ್ಲ ತೂರಿ, ಅಲ್ಲೇ ತೆಂಗಿನಕಾಯಿ ಒಡೆದು ನೀರು ಸುರಿದರೇ ನಮ್ಮ ಕಾಕಾಗೆ ಸಮಾಧಾನ. ಆ ವರ್ಷವೂ ಹಾಗೇ ಪೂಜೆ ಮುಗಿಸಿ, ಅಕ್ಕಲಕೋಟೆಯ ಅತ್ತೆಯ ಮನೆಗೆ ಹೊರಟೆವು. ಅಪ್ಪನ ಹಳೆಯ ಕಾರು. ಓಡಿಸುತ್ತಿದ್ದವಳು ನನ್ನ ತಂಗಿ. ನಾನು ಅವಳ ಪಕ್ಕ, ಕಾಕಾ ಹಿಂದೆ.

ದುಧನಿ ದಾಟಿದ ಮೇಲೆ ಎರಡು ಟ್ರಾಲಿ ಕಬ್ಬು ಎಳೆಯುತ್ತಿದ್ದ ಟ್ರ್ಯಾಕ್ಟರ್ ಸಿಕ್ಕಿತು. ರಸ್ತೆ ಖಾಲಿಯಿತ್ತು. ತಂಗಿ ಬಲಕ್ಕೆ ತಿರುಗಿಸಿ ವೇಗ ಹೆಚ್ಚಿಸಿದಳು. ಹಿಂದಿನ ಟ್ರಾಲಿಯ ಪಕ್ಕಕ್ಕೆ ಬಂದಾಗ ಎಂಜಿನ್ ಬಿಕ್ಕಿತು. ಅಷ್ಟರಲ್ಲಿ ಎದುರಿನ ತಿರುವಿನಿಂದ ಎಸ್.ಟಿ. ಬಸ್ಸು.

ಈಗಲೂ ಕಣ್ಣು ಮುಚ್ಚಿದರೆ ಆ ಬಸ್ಸು ಬರುತ್ತಲೇ ಇರುತ್ತದೆ. ಅವಳು ಆಕ್ಸಿಲರೇಟರ್ ಒತ್ತಿದಷ್ಟೂ ಕಾರು ನಿಧಾನವಾಗುತ್ತದೆ. ಎಡಕ್ಕೆ ಕಬ್ಬಿನ ಗೋಡೆ. ನಾನು ಚೀರಿದೆ. ಅವಳು ಚೀರಲಿಲ್ಲ. ಬ್ರೇಕ್ ಒತ್ತಿ, ಟ್ರಾಲಿಯನ್ನು ಮುಂದಕ್ಕೆ ಬಿಟ್ಟು, ಅದರ ಬೆನ್ನಿಗೆ ಸೇರಿಕೊಂಡಳು. ಬಸ್ಸು ಹಾದುಹೋದ ಗಾಳಿಗೆ ಅವಳ ಬದಿಯ ಕನ್ನಡಿ ಅದುರಿತು.

ಬೇವಿನ ಮರದ ಕೆಳಗೆ ಕಾರು ನಿಂತ ಕೂಡಲೇ ಕಾಕಾ ಇಳಿದು ಕೈ ಚಾಚಿದರು.

“ಕೀಲಿ ಕೊಡು. ಇವತ್ತಿಗಿ ನಿನ್ನ ಡ್ರೈವಿಂಗ್ ಮುಗೀತು. ಗಾಡಿ ಮಾರಿಬಿಡೂಣು.”

“ಯಾಕ ಹಿಂಗಾತು ಅಂತ ಮೊದಲ ನೋಡೂಣ್ರಿ ಕಾಕಾ. ಆಮ್ಯಾಲ ಕೀಲಿ ತಗೋರಿ.”

ನಮ್ಮ ಮನೆಯಲ್ಲಿ ಆ ಕೀಲಿ ಹಿಡಿದ ಮೊದಲ ಹೆಣ್ಣು ಅವಳು. ಅದು ಕಾಕಾನ ಕಿಸೆ ಸೇರಿದರೆ ಮತ್ತೆ ಹೊರಬರುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ತಂಗಿ ಬಾನೆಟ್ ತೆರೆದು ಒಂದು ಸ್ಪಾರ್ಕ್ ಪ್ಲಗ್ಗಿನ ವೈರ್ ಎಳೆದಳು. ಪ್ಲಗ್ ಕೂತ ಕುಳಿಯಲ್ಲಿ ಹಳದಿ ನೀರು. ಪಕ್ಕದ್ದರಲ್ಲೂ ಅಷ್ಟೇ.

“ನೋಡ್ರಿ, ನಿಮ್ಮ ಪ್ರಸಾದ.”

“ದೇವರಿಗಿ ಒಡದದ್ದು ಅದು!”

“ದೇವರಿಗಿ ಒಡದು ಎಂಜಿನ್ನಿಗಿ ಯಾಕ ಕುಡಿಸಿದ್ರಿ? ಜೋರು ಕೊಟ್ಟಾಗ ಕಿಡಿ ಹ್ಯಾಂಗ ಹತ್ತಬೇಕು?”

ಎಂಜಿನ್ ತಣ್ಣಗಾಗುವತನಕ ಅವಳು ಪ್ಲಗ್ ಬಿಚ್ಚಲಿಲ್ಲ. ಕಾಕಾ ಅವಸರ ಮಾಡಿದರೆ, “ಬಿಸಿ ಇದ್ದಾಗ ತಿರುವಿದ್ರ ಒಳಗಿನ ಥ್ರೆಡ್ ಕೆಡ್ತಾವ್ರಿ. ಅಲ್ಲೀತನ ಚಕಲಿ ತಿನ್ರಿ” ಎಂದಳು.

ಹಳೆಯ ಧೋತರದ ತುಂಡು ಹೊಸೆದು ಕುಳಿಗಳ ನೀರನ್ನೆಲ್ಲ ಹೀರಿಸಿದಳು. ಹಬ್ಬ ಮುಗಿದ ಮೇಲೆ ಬದಲಿಸಲೆಂದು ಹೊಸ ಪ್ಲಗ್ಗುಗಳನ್ನು ತಂದು ಡಿಕ್ಕಿಯಲ್ಲಿಟ್ಟಿದ್ದಳು. ಒಂದು ಪ್ಲಗ್ ಬಿಚ್ಚಿ, ಅಲ್ಲಿ ಹೊಸದನ್ನು ಕೂರಿಸಿ, ಅದರ ವೈರನ್ನು ಅದಕ್ಕೇ ಸಿಕ್ಕಿಸಿದ ಮೇಲೆಯೇ ಮುಂದಿನದನ್ನು ಮುಟ್ಟುತ್ತಿದ್ದಳು. ಮೊದಲು ಬೆರಳಿನಿಂದ ತಿರುವಿ, ಆಮೇಲೆ ಪಾನಾ ಹಾಕಿ ಬಿಗಿ ಮಾಡುತ್ತಿದ್ದಳು. ಹಳೆಯವನ್ನು ನನ್ನ ಅಂಗೈಗೆ ಹಾಕಿದಳು.  ಒಂದು ವೈರೂ ಅದಲುಬದಲಾಗಲಿಲ್ಲ. ಇವಳು ನನ್ನ ತಂಗಿ ಎಂದು ಆ ರಸ್ತೆಯಲ್ಲಿ ಹೋಗುತ್ತಿದ್ದವರಿಗೆಲ್ಲ ಕೂಗಿ ಹೇಳಬೇಕೆನಿಸಿತು.

ಅವಳು ಕೀಲಿ ತಿರುವಿದಾಗ ಎಂಜಿನ್ ಬಿಕ್ಕದೆ ಒಂದೇ ಸದ್ದಿನಲ್ಲಿ ಓಡಿತು. ಕಾಕಾ ತಲೆ ಓರೆ ಮಾಡಿ ಕೇಳಿದರು. ಅವಳು ಅದನ್ನು ಆರಿಸಿ, ಇಳಿದು, ಕೀಲಿಯನ್ನು ಅವರ ಮುಂದೆ ಹಿಡಿದಳು.

“ತಗೋರಿ.”

ಕಾಕಾ ಕೀಲಿಯನ್ನೂ ಅವಳ ಮಸಿಯಾದ ಬೆರಳುಗಳನ್ನೂ ನೋಡಿದರು.

“ನಿಮ್ಮತ್ತಿ ದಾರಿ ಕಾಯಾಕತ್ತಿರಬೇಕು. ನಡಿ, ಗಾಡಿ ಹೊಡಿ,” ಎಂದು ಹೋಗಿ ಹಿಂದೆ ಕೂತರು.

ಯಾಕೆ ತಡವಾಯಿತೆಂದು ಅತ್ತೆ ಕೇಳಿದಾಗ ಕಾಕಾ ಎದೆಯುಬ್ಬಿಸಿ, “ದಾರ್ಯಾಗ ಪ್ಲಗ್ ಬದಲ ಮಾಡಿದಿವಿ” ಎಂದರು. ತಂಗಿ ಚಹಾದ ಕಪ್ಪಿನ ಮೇಲಿಂದ ನನ್ನತ್ತ ಹುಬ್ಬು ಹಾರಿಸಿದಳು. ಕೀಲಿ ಅವಳ ಮಡಿಲಲ್ಲಿತ್ತು.